ವೈರ್ ಇಲ್ಲದ ಚಾರ್ಜಿಂಗ್: ನಮ್ಮ ಓಣಿಯ ಟಿಸಿಯಲ್ಲೇ ಇರುವ ವಿದ್ಯೆ

ವೈರ್‌ಲೆಸ್ ಚಾರ್ಜರ್ ಅಂದ ತಕ್ಷಣ ಬಹಳ ಜನ ಕೇಳೋದು ಒಂದೇ. ಮೊಬೈಲಿಗೆ ಪಿನ್ ಚುಚ್ಚಲ್ಲ, ಸುಮ್ನೆ ಒಂದು ಬಿಲ್ಲೆಯ ಮೇಲೆ ಇಡ್ತೀವಿ. ಹಂಗಿದ್ದ ಮೇಲೆ ಕರೆಂಟ್ ಒಳಗೆ ಹೋಗೋದಾದರೂ ಹೇಗೆ? ಗಾಳಿಯಲ್ಲಿ ಕರೆಂಟ್ ಹರಿದರೆ ಮುಟ್ಟಿದವರಿಗೆ ಹೊಡೆಯಲ್ವಾ?

ಇದಕ್ಕೆ ಉತ್ತರ ಹುಡುಕೋಕೆ ಮೊಬೈಲ್ ಅಂಗಡಿಗೆ ಹೋಗಬೇಕಿಲ್ಲ. ನಿಮ್ಮ ಓಣಿಯ ಮೂಲೆಯಲ್ಲಿ ಎರಡು ಕಂಬದ ನಡುವೆ ಕೂತಿರುವ ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್ ನೋಡಿದರೆ ಸಾಕು. ಬಳ್ಳಾರಿ ಇರಲಿ, ರಾಯಚೂರು ಇರಲಿ, ಕೊಪ್ಪಳದ ಯಾವುದೋ ಹಳ್ಳಿ ಇರಲಿ, ನಮ್ಮ ವಿದ್ಯುತ್ ಕಂಪನಿ ಜೆಸ್ಕಾಂನ 11,000 ವೋಲ್ಟ್ ಲೈನು ಅದರ ಒಂದು ಬದಿಗೆ ಬರುತ್ತದೆ. ಇನ್ನೊಂದು ಬದಿಯಿಂದ ಮನೆಗಳಿಗೆ 230 ವೋಲ್ಟ್ ಹೊರಡುತ್ತದೆ. ಒಳಗೆ ಎಣ್ಣೆಯಲ್ಲಿ ಮುಳುಗಿದ ತಾಮ್ರದ ಅಥವಾ ಅಲ್ಯೂಮಿನಿಯಂ ಸುರುಳಿಗಳಿವೆ. ಮೇಲಿನ ಲೈನಿಗೆ ಸೇರಿದ್ದು ಒಂದು, ಮನೆ ಕಡೆಯದು ಇನ್ನೊಂದು. ಇವೆರಡರ ನಡುವೆ ವೈರಿನ ಜೋಡಣೆ ಇಲ್ಲ. ಒಂದರ ತಂತಿ ಇನ್ನೊಂದಕ್ಕೆ ತಾಗುವುದೇ ಇಲ್ಲ. ತಾಗಿತು ಅಂದರೆ ಅವತ್ತು ಟಿಸಿ ಸುಟ್ಟಿತು ಅಂತಲೇ ಲೆಕ್ಕ. ಅಂದರೆ ನಿಮ್ಮ ಮನೆಯ ಬಲ್ಬು, ಫ್ಯಾನು, ಹೊಲದ ಪಂಪ್‌ಸೆಟ್ಟು ಇಷ್ಟು ವರ್ಷ ಓಡಿದ್ದು ನಡುವಿನ ಜಾಗ ಜಿಗಿದು ಬಂದ ಶಕ್ತಿಯಿಂದಲೇ.

ವೈರ್‌ಲೆಸ್ ಚಾರ್ಜರ್ ಕೂಡ ಟಿಸಿಯೇ. ಎರಡು ಹೋಳು ಮಾಡಿದ ಟಿಸಿ. ಒಂದು ಸುರುಳಿ ಬಿಲ್ಲೆಯಲ್ಲಿ, ಇನ್ನೊಂದು ಮೊಬೈಲಿನ ಬೆನ್ನಲ್ಲಿ. ಮಾತಿನ ಚಂದಕ್ಕೆ ಹೀಗೆ ಹೇಳುತ್ತಿಲ್ಲ, ಕೆಲಸ ನಡೆಯುವ ರೀತಿ ನಿಜಕ್ಕೂ ಅದೇ. ಇದೊಂದನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಉಳಿದ ಗಂಟುಗಳೆಲ್ಲ ತಾವೇ ಬಿಚ್ಚಿಕೊಳ್ಳುತ್ತವೆ. ಮೊಬೈಲ್ ಯಾಕೆ ಬಿಸಿಯಾಗುತ್ತದೆ, ಸ್ವಲ್ಪ ಆಚೀಚೆ ಇಟ್ಟರೆ ಯಾಕೆ ಚಾರ್ಜ್ ಹತ್ತಲ್ಲ, ಕೋಣೆಯ ಆ ಮೂಲೆಯಿಂದ ಈ ಮೂಲೆಗೆ ಯಾಕೆ ಚಾರ್ಜ್ ಕಳಿಸೋಕಾಗಲ್ಲ, ಎಲ್ಲಕ್ಕೂ ಉತ್ತರ ಆ ಎರಡು ಸುರುಳಿಗಳ ನಡುವಿನ ಸಂದಿಯಲ್ಲೇ ಇದೆ.

ಬದಲಾವಣೆ ಇದ್ದರೆ ಮಾತ್ರ ಕರೆಂಟ್

1820ರಲ್ಲಿ ಡೆನ್ಮಾರ್ಕಿನ ಹ್ಯಾನ್ಸ್ ಕ್ರಿಶ್ಚಿಯನ್ ಓರ್‌ಸ್ಟೆಡ್ ಒಂದು ವಿಷಯ ಕಂಡುಕೊಂಡರು. ಕರೆಂಟ್ ಹರಿಯುವ ತಂತಿಯ ಹತ್ತಿರ ದಿಕ್ಸೂಚಿ ಇಟ್ಟರೆ ಅದರ ಮುಳ್ಳು ತಿರುಗುತ್ತದೆ. ಅಂದರೆ ಕರೆಂಟ್ ಹರಿಯುವ ಕಡೆ ಸುತ್ತಲೂ ಅಯಸ್ಕಾಂತದ ಬಲ ಹುಟ್ಟುತ್ತದೆ. ಹಾಗಾದರೆ ಅಯಸ್ಕಾಂತದಿಂದ ಕರೆಂಟ್ ಹುಟ್ಟಿಸಬಹುದಾ? ಇದರ ಹಿಂದೆ ಬಿದ್ದವರು ಲಂಡನ್ನಿನ ಮೈಕೆಲ್ ಫ್ಯಾರಡೆ. ಕಮ್ಮಾರರ ಮಗ. ಚಿಕ್ಕ ವಯಸ್ಸಿನಲ್ಲಿ ಪುಸ್ತಕಕ್ಕೆ ಬೈಂಡ್ ಹಾಕುವ ಕೆಲಸ ಕಲಿತವರು. ಹೆಚ್ಚು ಓದಿದವರಲ್ಲ, ಆದರೆ ಕೈಕೆಲಸದಲ್ಲಿ ಅವರಷ್ಟು ನಿಪುಣರು ಆ ಕಾಲದಲ್ಲಿ ಕಡಿಮೆ.

1831ರ ಆಗಸ್ಟ್‌ನಲ್ಲಿ ಅವರು ಒಂದು ಕಬ್ಬಿಣದ ಬಳೆ ತೆಗೆದುಕೊಂಡು ಎರಡು ಬದಿಗೆ ಎರಡು ಸುರುಳಿ ಸುತ್ತಿದರು. ಒಂದಕ್ಕೆ ಬ್ಯಾಟರಿ ಜೋಡಿಸಿದರು. ಜೋಡಿಸಿದ ಕ್ಷಣ ಇನ್ನೊಂದು ಸುರುಳಿಗೆ ಹೊಂದಿಸಿದ್ದ ಮುಳ್ಳು ಅಲುಗಿತು, ಆಮೇಲೆ ಸುಮ್ಮನಾಯಿತು. ಬ್ಯಾಟರಿ ಬಿಚ್ಚಿದ ಕ್ಷಣ ಮತ್ತೆ ಅಲುಗಿತು, ಈ ಸಲ ಉಲ್ಟಾ. ಕರೆಂಟ್ ಒಂದೇ ಸಮ ಹರಿಯುತ್ತಿದ್ದಾಗ ಮಾತ್ರ ಏನೂ ಇಲ್ಲ.

ಎಲ್ಲದರ ಬುಡ ಇರುವುದು ಇಲ್ಲೇ. ಸುರುಳಿಯ ಪಕ್ಕ ಅಯಸ್ಕಾಂತದ ಬಲ ಇದ್ದರೆ ಸಾಲದು, ಅದು ಬದಲಾಗುತ್ತಲೇ ಇರಬೇಕು. ಹೆಚ್ಚಬೇಕು, ಕಡಿಮೆಯಾಗಬೇಕು, ದಿಕ್ಕು ತಿರುಗಬೇಕು. ಎಷ್ಟು ಬೇಗ ಬದಲಾಗುತ್ತದೋ ಎರಡನೇ ಸುರುಳಿಯಲ್ಲಿ ಅಷ್ಟು ಜಾಸ್ತಿ ವೋಲ್ಟೇಜ್ ಏಳುತ್ತದೆ. ತುಂಗಭದ್ರಾ ಡ್ಯಾಮಿನ ಕೆಳಗೆ ಮುನಿರಾಬಾದಿನ ಪವರ್‌ಹೌಸಿನಲ್ಲಿ ನೀರು ಟರ್ಬೈನ್ ತಿರುಗಿಸುತ್ತದೆ. ರಾಯಚೂರಿನ ಶಕ್ತಿನಗರದಲ್ಲಿ ಕಲ್ಲಿದ್ದಲು ಸುಟ್ಟ ಉಗಿ ತಿರುಗಿಸುತ್ತದೆ. ಎರಡೂ ಕಡೆ ಕೊನೆಗೆ ತಿರುಗೋದು ಒಂದು ದೊಡ್ಡ ಅಯಸ್ಕಾಂತ. ಅದು ತಿರುಗಿದ ಹಾಗೆ ಸುತ್ತಲಿನ ಸುರುಳಿಯಲ್ಲಿ ಕರೆಂಟ್ ಹುಟ್ಟುತ್ತದೆ.

ಟಿಸಿ ಹತ್ತಿರ ನಿಂತರೆ ಗುಂಯ್ ಅನ್ನುವ ಸದ್ದು ಕೇಳಿರುತ್ತೀರಿ. ನಮ್ಮ ಕರೆಂಟ್ ಸೆಕೆಂಡಿಗೆ 50 ಸಲ ಹಿಂದೆ ಮುಂದೆ ಓಡುತ್ತದೆ. ಅದರ ತಾಳಕ್ಕೆ ಒಳಗಿನ ಉಕ್ಕಿನ ಹಾಳೆಗಳು ಸೆಕೆಂಡಿಗೆ 100 ಸಲ ಕೂದಲೆಳೆಗಿಂತ ಕಡಿಮೆ ಹಿಗ್ಗಿ ಕುಗ್ಗುತ್ತವೆ. ಆ ಅಲುಗಾಟವೇ ಸದ್ದು.

ಬಿಲ್ಲೆ ಬಿಚ್ಚಿದಾಗ

ಕೆಟ್ಟುಹೋದ ಒಂದು ಚಾರ್ಜಿಂಗ್ ಪ್ಯಾಡನ್ನು ಗಂಗಾವತಿಯ ಒಂದು ಮೋಟಾರ್ ವೈಂಡಿಂಗ್ ಅಂಗಡಿಗೆ ತೆಗೆದುಕೊಂಡು ಹೋಗಿದ್ದೆ. ಭತ್ತದ ನಾಡು. ಪಂಪ್‌ಸೆಟ್ ಮೋಟಾರು ಸುಡೋದು ತಪ್ಪಲ್ಲ, ಹಾಗಾಗಿ ಅಲ್ಲಿ ವೈಂಡಿಂಗ್ ಮೇಸ್ತ್ರಿಗಳಿಗೆ ಬಿಡುವಿಲ್ಲ. ಮೇಸ್ತ್ರಿ ಸಣ್ಣ ಸ್ಕ್ರೂಡ್ರೈವರ್ ಹಾಕಿ ಪ್ಯಾಡಿನ ಮುಚ್ಚಳ ಎಬ್ಬಿಸಿದರು. ಒಳಗೆ ಅಂಗೈಯಲ್ಲಿ ಹಿಡಿಸುವಷ್ಟು ಒಂದು ದುಂಡನೆಯ ಸುರುಳಿ. ಒಂದೇ ಪದರ, ಮಟ್ಟಸವಾಗಿ ಸುತ್ತಿದ್ದು, ನಡುವೆ ಖಾಲಿ. ಕೆಳಗೆ ಒಂದು ಕಪ್ಪು ಬಿಲ್ಲೆ. ಪಕ್ಕದಲ್ಲಿ ಬೆರಳಗಲದ ಒಂದು ಸರ್ಕ್ಯೂಟು. ಅಷ್ಟೇ.

"ಇದೇನ್ರಿ, ನಮ್ಮ ವೈಂಡಿಂಗೇ ಐತಲ್ರಿ!" ಅಂದರು. ಉಗುರಿನಿಂದ ತಂತಿಯ ತುದಿ ಬಿಡಿಸಿದರು. ಒಂದು ತಂತಿ ಅಂದುಕೊಂಡದ್ದು ಹತ್ತಾರು ಎಳೆಗಳಾಗಿ ಬಿಚ್ಚಿಕೊಂಡಿತು. ಒಂದೊಂದು ಎಳೆಯೂ ಕೂದಲಷ್ಟು ಸಣ್ಣ. "ಆದ್ರ ಎಳಿ ಯಾಕ ಇಷ್ಟ್ ಸಣ್ಣ ಹಾಕ್ಯಾರ? ದಪ್ಪ ತಂತಿ ಹಾಕಿದ್ರ ಆಗ್ತಿತ್ತಲ್ರಿ."

ಕೈಕೆಲಸ ಬಲ್ಲವರು ಕೇಳುವ ಪ್ರಶ್ನೆ ಇದು. ಇದರೊಳಗೆ ಇಡೀ ಚಾರ್ಜರಿನ ಗುಟ್ಟು ಇದೆ.

ಮೋಟಾರಿಗೆ ಬರುವ ಕರೆಂಟ್ ಸೆಕೆಂಡಿಗೆ 50 ಸಲ ಓಡಾಡುತ್ತದೆ. ಸಾಮಾನ್ಯ ಚಾರ್ಜಿಂಗ್ ಪ್ಯಾಡಿನಲ್ಲಿ ಅದು ಸೆಕೆಂಡಿಗೆ ಸುಮಾರು 1 ಲಕ್ಷದಿಂದ 2 ಲಕ್ಷ ಸಲ ಓಡಾಡುತ್ತದೆ. ಅಷ್ಟು ವೇಗದಲ್ಲಿ ಕರೆಂಟ್ ತಂತಿಯ ಒಳಗಿನ ಭಾಗಕ್ಕೆ ಇಳಿಯುವುದೇ ಇಲ್ಲ. ಮೇಲ್ಮೈಯಲ್ಲೇ ಓಡುತ್ತದೆ. 50 ಸಲದ ಲೆಕ್ಕದಲ್ಲಿ ತಾಮ್ರದೊಳಗೆ ಸುಮಾರು 9 ಮಿ.ಮೀ. ಆಳದವರೆಗೆ ಕರೆಂಟ್ ಇಳಿಯುತ್ತದೆ. 1 ಲಕ್ಷ ಸಲ ಆದಾಗ ಬರೀ 0.2 ಮಿ.ಮೀ. ಹಾಗಾಗಿ ದಪ್ಪ ತಂತಿ ಹಾಕಿದರೆ ಒಳಗಿನ ತಾಮ್ರವೆಲ್ಲ ದಂಡ. ಅದೇ ತಾಮ್ರವನ್ನು ಸಣ್ಣ ಸಣ್ಣ ಎಳೆಗಳಾಗಿ ಮಾಡಿ, ಒಂದೊಂದಕ್ಕೂ ಕರೆಂಟ್ ದಾಟದಂತೆ ಇನಾಮೆಲ್ ಲೇಪ ಹಚ್ಚಿ, ಹುರಿ ಹೊಸೆದರೆ ಪ್ರತಿ ಎಳೆಯೂ ಕೆಲಸಕ್ಕೆ ಬರುತ್ತದೆ. ಇದನ್ನು ಲಿಟ್ಸ್ ವೈರ್ ಅನ್ನುತ್ತಾರೆ.

ಇನ್ನು ಆ ಕಪ್ಪು ಬಿಲ್ಲೆ. ಅದು ಫೆರೈಟ್. ಕಬ್ಬಿಣದ ಆಕ್ಸೈಡಿನ ಜೊತೆ ಮ್ಯಾಂಗನೀಸ್, ಸತು ಅಥವಾ ನಿಕ್ಕಲ್ ಆಕ್ಸೈಡ್ ಪುಡಿ ಬೆರೆಸಿ, ಅಚ್ಚೊತ್ತಿ, ಭಾರೀ ಶಾಖದಲ್ಲಿ ಸುಟ್ಟು ಮಾಡಿದ್ದು. ಸುರುಳಿಯಿಂದ ಕೆಳಗೆ ಹೋಗುವ ಅಯಸ್ಕಾಂತದ ಬಲವನ್ನು ಅದು ತನ್ನೊಳಗೆ ಎಳೆದುಕೊಂಡು, ತಿರುಗಿಸಿ ಮೇಲಕ್ಕೆ ಕಳಿಸುತ್ತದೆ. ಮೊಬೈಲಿನ ಒಳಗೂ ಸುರುಳಿಯ ಹಿಂದೆ ಇಂಥದ್ದೇ ಒಂದು ತೆಳು ಹಾಳೆ ಇರುತ್ತದೆ. ಇಲ್ಲದಿದ್ದರೆ ಆ ಬಲ ನೇರ ಬ್ಯಾಟರಿಯ ಲೋಹಕ್ಕೆ ಹೊಡೆದು ಅದನ್ನೇ ಕಾಯಿಸುತ್ತಿತ್ತು. ಸಂಡೂರಿನ ಗುಡ್ಡಗಳಿಂದ ಕಬ್ಬಿಣದ ಅದಿರೂ ಹೊರಡುತ್ತದೆ, ಮ್ಯಾಂಗನೀಸ್ ಅದಿರೂ ಹೊರಡುತ್ತದೆ. ಕೆಂಪು ದೂಳು ಎಬ್ಬಿಸಿಕೊಂಡು ಹೋಗುವ ಅದಿರಿನ ಲಾರಿ ನೋಡಿ ಬೆಳೆದ ನಮಗೆ, ಅದರಲ್ಲಿರುವ ವಸ್ತುವೇ ಜೇಬಿನ ಮೊಬೈಲಿನಲ್ಲಿ ಇಷ್ಟು ನಾಜೂಕಿನ ಕೆಲಸ ಮಾಡುತ್ತದೆ ಅನ್ನೋದು ಗೊತ್ತಿರಬೇಕು ಅಂತ ನನಗನಿಸುತ್ತದೆ.

ಗೋಡೆಯಿಂದ ಬ್ಯಾಟರಿವರೆಗೆ

ಈಗ ಕರೆಂಟ್ ಹೋಗುವ ದಾರಿ ನೋಡೋಣ. ಪ್ಲಗ್ಗಿನಿಂದ 230 ವೋಲ್ಟ್ ಎಸಿ, ಅಂದರೆ ಹಿಂದೆ ಮುಂದೆ ಓಡುವ ಕರೆಂಟ್ ಬರುತ್ತದೆ. ಅಡಾಪ್ಟರ್ ಅದನ್ನು 5 ಅಥವಾ 9 ವೋಲ್ಟಿನ ಡಿಸಿ ಮಾಡುತ್ತದೆ. ಡಿಸಿ ಒಂದೇ ಸಮ ಹರಿಯುವಂಥದ್ದು, ಫ್ಯಾರಡೆಯ ಮುಳ್ಳು ಅದಕ್ಕೆ ಅಲುಗುವುದಿಲ್ಲ. ಆದ್ದರಿಂದ ಪ್ಯಾಡಿನ ಒಳಗಿನ ಸರ್ಕ್ಯೂಟು ಅದನ್ನು ಮತ್ತೆ ಕತ್ತರಿಸಿ, ಹಿಂದೆ ಮುಂದೆ ಓಡುವ ಎಸಿ ಮಾಡುತ್ತದೆ. ಈ ಸಲ ಭಾರೀ ವೇಗದಲ್ಲಿ. ಆ ಎಸಿ ಸುರುಳಿಗೆ ಹೋಗುತ್ತದೆ, ಮೇಲೆ ಅಯಸ್ಕಾಂತದ ಬಲ ಎದ್ದು ಬಿದ್ದು ಮಾಡುತ್ತದೆ, ಮೊಬೈಲಿನ ಸುರುಳಿಯಲ್ಲಿ ಕರೆಂಟ್ ಏಳುತ್ತದೆ. ಅದನ್ನು ಮೊಬೈಲು ಮತ್ತೆ ಡಿಸಿ ಮಾಡಿಕೊಂಡು ಬ್ಯಾಟರಿಗೆ ಕೊಡುತ್ತದೆ. ಎಸಿ, ಡಿಸಿ, ಎಸಿ, ಅಯಸ್ಕಾಂತ, ಎಸಿ, ಡಿಸಿ. ಪ್ರತಿ ಮೆಟ್ಟಿಲಲ್ಲೂ ಸ್ವಲ್ಪ ಸ್ವಲ್ಪ ಶಕ್ತಿ ಶಾಖವಾಗಿ ಸೋರುತ್ತದೆ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವೇಗ ಯಾಕೆ ಬೇಕು? ಓಣಿಯ ಟಿಸಿ ನಿಧಾನದ 50ರ ತಾಳದಲ್ಲೇ ಕೆಲಸ ಮಾಡಬೇಕು. ಅದಕ್ಕೇ ಅದರೊಳಗೆ ಅಷ್ಟೊಂದು ಉಕ್ಕು, ಸಾವಿರಾರು ಸುತ್ತು. ತಾಳ ಸಾವಿರಾರು ಪಟ್ಟು ಹೆಚ್ಚಿಸಿದರೆ ಹತ್ತು ಹನ್ನೆರಡು ಸುತ್ತಿನ ಸುರುಳಿಯೂ ಸಾಕಾಗುತ್ತದೆ.

ಆದರೆ ಇಲ್ಲಿ ಒಂದು ತೊಡಕಿದೆ. ಟಿಸಿಯಲ್ಲಿ ಎರಡು ಸುರುಳಿಗಳನ್ನೂ ಒಂದೇ ಉಕ್ಕಿನ ಕಂಬಕ್ಕೆ ಸುತ್ತಿರುತ್ತಾರೆ, ಬಲ ಆಚೀಚೆ ಹೋಗೋಕೆ ಜಾಗವಿಲ್ಲ. ಮೊಬೈಲಿಗೂ ಪ್ಯಾಡಿಗೂ ನಡುವೆ ಗಾಜು, ಪ್ಲಾಸ್ಟಿಕ್, ಕವರ್, ಗಾಳಿ ಎಲ್ಲ ಸೇರಿ ಕೆಲವು ಮಿಲಿಮೀಟರ್ ಸಂದಿ. ಆ ಸಂದಿಯಲ್ಲಿ ಬಹಳ ಬಲ ಚದುರಿ ಹೋಗುತ್ತದೆ. ಇದನ್ನು ಸರಿದೂಗಿಸೋಕೆ ಬಳಸುವ ಉಪಾಯವೇ ಅನುರಣನ. ಪಂಚಮಿ ಹಬ್ಬದಲ್ಲಿ ಜೋಕಾಲಿ ಜೀಕಿದವರಿಗೆ ಇದು ಮೈಗೇ ಗೊತ್ತು. ಜೋಕಾಲಿಗೆ ತನ್ನದೇ ಒಂದು ಲಯ ಇರುತ್ತದೆ. ಅದು ಹಿಂದೆ ಬಂದು ತಿರುಗುವ ಹೊತ್ತಿಗೆ ಸರಿಯಾಗಿ ಒಂದು ಸಣ್ಣ ನೂಕು ಕೊಟ್ಟರೆ ಸಾಕು, ಮೇಲೆ ಮೇಲೆ ಏರುತ್ತದೆ. ಲಯ ತಪ್ಪಿ ನೂಕಿದರೆ ಎಷ್ಟು ಜೋರು ಹಾಕಿದರೂ ಏರಲ್ಲ. ಕರೆಂಟನ್ನು ಕ್ಷಣಕಾಲ ತುಂಬಿಟ್ಟುಕೊಂಡು ವಾಪಸ್ ಕೊಡುವ ಕೆಪ್ಯಾಸಿಟರ್ ಒಂದನ್ನು ಸುರುಳಿಗೆ ಜೋಡಿಸಿದರೆ ಅದಕ್ಕೂ ಹೀಗೆ ಒಂದು ಸ್ವಂತ ಲಯ ಬರುತ್ತದೆ. ಪ್ಯಾಡಿನ ಲಯ, ಮೊಬೈಲಿನ ಲಯ ಎರಡನ್ನೂ ಹತ್ತಿರ ಹತ್ತಿರ ಹೊಂದಿಸಿರುತ್ತಾರೆ. ಆಗ ಸಂದಿ ಇದ್ದರೂ ಸಾಕಷ್ಟು ಶಕ್ತಿ ದಾಟುತ್ತದೆ.

ಅನೇಕ ಪ್ಯಾಡುಗಳು ಚಾರ್ಜಿಂಗ್ ಹೆಚ್ಚು ಕಡಿಮೆ ಮಾಡೋದೂ ಇದರಿಂದಲೇ. ಜಾಸ್ತಿ ಬೇಕಾದರೆ ಆ ಲಯದ ಹತ್ತಿರ ಬರುತ್ತವೆ, ಕಡಿಮೆ ಬೇಕಾದರೆ ದೂರ ಸರಿಯುತ್ತವೆ.

ಎಷ್ಟು ಬೇಕು ಅನ್ನೋದನ್ನು ಹೇಳುವುದು ಯಾರು? ಮೊಬೈಲೇ. ನನಗೆ ಇಡೀ ವ್ಯವಸ್ಥೆಯಲ್ಲಿ ಬಹಳ ಹಿಡಿಸಿದ್ದು ಇದು. ಪ್ಯಾಡು ಸದಾ ಬಲ ಉಗುಳುತ್ತಾ ಕೂರುವುದಿಲ್ಲ. ಆಗಾಗ ಒಂದು ಸಣ್ಣ ಮಿಡಿತ ಕಳಿಸಿ ಮೇಲೆ ಏನಾದರೂ ಇದೆಯಾ ಅಂತ ನೋಡುತ್ತದೆ. ಮೊಬೈಲ್ ಇದ್ದರೆ ಆ ಮಿಡಿತದ ಶಕ್ತಿಯಲ್ಲೇ ಅದರ ಚಿಪ್ಪು ಎಚ್ಚರಗೊಂಡು, ನಾನು ಇಂಥವನು, ಇಷ್ಟು ವ್ಯಾಟ್ ಬೇಕು ಅಂತ ತಿಳಿಸುತ್ತದೆ. ಹೇಗೆ ತಿಳಿಸುತ್ತದೆ ಗೊತ್ತಾ? ತನ್ನ ಸುರುಳಿಯ ಮೇಲಿನ ಲೋಡನ್ನು ಸರಸರನೆ ಹಾಕಿ ತೆಗೆದು ಮಾಡುತ್ತದೆ. ಅದರ ಏರುಪೇರು ಅದೇ ಅಯಸ್ಕಾಂತದ ದಾರಿಯಲ್ಲಿ ಹಿಂದಕ್ಕೆ ಬಂದು ಪ್ಯಾಡಿನ ಸುರುಳಿಯಲ್ಲಿ ಕಾಣಿಸುತ್ತದೆ. ಪ್ಯಾಡು ಅದನ್ನು ಓದಿಕೊಳ್ಳುತ್ತದೆ. ಆಮೇಲೆ ಚಾರ್ಜ್ ಆಗುವಷ್ಟು ಹೊತ್ತೂ ಇನ್ನಷ್ಟು ಕೊಡು, ಸ್ವಲ್ಪ ಕಡಿಮೆ ಮಾಡು, ಸಾಕು ನಿಲ್ಲಿಸು ಅಂತ ಮಾತುಕತೆ ನಡೆದೇ ಇರುತ್ತದೆ.

ಬೇರೆ ಬೇರೆ ಕಂಪನಿಯವರು ಒಂದೇ ಭಾಷೆ ಆಡಲಿ ಅಂತ ವೈರ್‌ಲೆಸ್ ಪವರ್ ಕನ್ಸೋರ್ಟಿಯಂ ಅನ್ನುವ ಒಕ್ಕೂಟ 2008ರಲ್ಲಿ ಹುಟ್ಟಿತು. ಅವರ ನಿಯಮಾವಳಿಯ ಹೆಸರು ‘ಚೀ’. ಪ್ಯಾಡ್ ಕೊಳ್ಳುವಾಗ ಡಬ್ಬದ ಮೇಲೆ ಕ್ಯೂ, ಐ ಎರಡು ಅಕ್ಷರ ಬೆಸೆದ ಆ ಗುರುತು ಇದೆಯಾ ನೋಡಿ.

ಮೊದಲ ಪ್ರಶ್ನೆಗೆ ಇಲ್ಲೇ ಉತ್ತರ ಸಿಕ್ಕಿತು. ಗಾಳಿಯಲ್ಲಿ ಹರಿಯುವುದು ಕರೆಂಟ್ ಅಲ್ಲ, ಅಯಸ್ಕಾಂತದ ಬಲ. ಅದು ಕರೆಂಟ್ ಆಗೋದು ಸುರುಳಿಯೋ ಲೋಹವೋ ಸಿಕ್ಕಾಗ. ಪ್ಯಾಡಿನ ಮೇಲೆ ಕೈ ಇಟ್ಟರೆ ಶಾಕ್ ಹೊಡೆಯುವುದಿಲ್ಲ. ಆದರೆ ಎದೆಯಲ್ಲಿ ಹೃದಯದ ಬಡಿತ ಸರಿಯಿಡುವ ಪೇಸ್‌ಮೇಕರ್ ಹಾಕಿಸಿಕೊಂಡವರು ಜಾಗ್ರತೆ ವಹಿಸಬೇಕು. ತನ್ನ ಫೋನು ಮತ್ತು ಅಯಸ್ಕಾಂತದ ಚಾರ್ಜರುಗಳನ್ನು ಪೇಸ್‌ಮೇಕರಿನಿಂದ 15 ಸೆಂ.ಮೀ.ಗಿಂತ ದೂರ, ವೈರ್‌ಲೆಸ್ ಚಾರ್ಜ್ ಆಗುತ್ತಿರುವಾಗ 30 ಸೆಂ.ಮೀ.ಗಿಂತ ದೂರ ಇಡಿ ಅಂತ ಆಪಲ್ ಕಂಪನಿಯೇ ಹೇಳುತ್ತದೆ. ಮನೆಯಲ್ಲಿ ಅಂಥ ಹಿರಿಯರಿದ್ದರೆ ಅವರ ಅಂಗಿಯ ಎಡಜೇಬಿಗೆ ಇಂಥ ಫೋನ್ ಹೋಗದಂತೆ ನೋಡಿಕೊಳ್ಳಿ.

ದೂರ ಯಾಕೆ ಹೋಗಲ್ಲ

ಸುರುಳಿಯ ಅಗಲಕ್ಕಿಂತ ಆಚೆ ಹೋದ ಮೇಲೆ ಅದರ ಬಲ ಬಹಳ ಬೇಗ ಕುಸಿಯುತ್ತದೆ. ದೂರ ಎರಡು ಪಟ್ಟಾದರೆ ಬಲ ಎಂಟರಲ್ಲಿ ಒಂದು ಪಾಲು. ಮೂರು ಪಟ್ಟಾದರೆ 27ರಲ್ಲಿ ಒಂದು ಪಾಲು. ನಾಲ್ಕೈದು ಸೆಂ.ಮೀ. ಅಗಲದ ಸುರುಳಿಗೆ ಒಂದು ಅಡಿ ದೂರ ಅಂದರೆ ಬೇರೆ ಊರೇ. ದಪ್ಪ ಕವರ್ ಹಾಕಿದರೆ ಚಾರ್ಜಿಂಗ್ ನಿಧಾನವಾಗೋದು, ಫೋನು ಒಂದು ಬೆರಳಗಲ ಪಕ್ಕಕ್ಕೆ ಸರಿದರೆ ನಿಂತೇ ಹೋಗೋದು ಇದಕ್ಕೇ.

2020ರಲ್ಲಿ ಆಪಲ್ ತನ್ನ ಫೋನಿನ ಬೆನ್ನಲ್ಲಿ ಸುರುಳಿಯ ಸುತ್ತ ಅಯಸ್ಕಾಂತದ ತುಂಡುಗಳನ್ನು ಉಂಗುರದಂತೆ ಕೂರಿಸಿತು. ಪ್ಯಾಡಿನಲ್ಲೂ ಹಾಗೇ. ಹತ್ತಿರ ತಂದರೆ ಟಪ್ ಅಂತ ಹಿಡಿದುಕೊಳ್ಳುತ್ತದೆ, ಸುರುಳಿ ಮೇಲೆ ಸುರುಳಿ ಸರಿಯಾಗಿ ಕೂರುತ್ತದೆ. 2023ರಲ್ಲಿ ಬಂದ ‘ಚೀ 2’ ನಿಯಮದಲ್ಲಿ ಇದೇ ಉಪಾಯ ಎಲ್ಲ ಕಂಪನಿಗಳಿಗೂ ಸಿಕ್ಕಿತು. ನೋಡೋಕೆ ಆಟದ ಸಾಮಾನಿನಂತೆ ಕಂಡರೂ ಇತ್ತೀಚಿನ ಸುಧಾರಣೆಗಳಲ್ಲಿ ಅತಿ ಮುಖ್ಯವಾದದ್ದು ಇದೇ ಅಂತ ನನ್ನ ಅಭಿಪ್ರಾಯ.

ವಿದ್ಯುತ್ ಸಂಶೋಧಕ ನಿಕೋಲಾ ಟೆಸ್ಲಾ ಇದಕ್ಕಿಂತ ಎಷ್ಟೋ ದೊಡ್ಡ ಕನಸು ಕಂಡಿದ್ದರು. ವೈರೇ ಇಲ್ಲದೆ ಭೂಮಿಯ ಉದ್ದಗಲಕ್ಕೂ ವಿದ್ಯುತ್ ಕಳಿಸಬೇಕು ಅಂತ 1901ರಲ್ಲಿ ನ್ಯೂಯಾರ್ಕಿನ ಹತ್ತಿರ ಲಾಂಗ್ ಐಲ್ಯಾಂಡಿನಲ್ಲಿ ದೊಡ್ಡ ಗೋಪುರ ಕಟ್ಟಲು ಶುರು ಮಾಡಿದರು. ಹಣ ಹಾಕಿದವರು ಕೈ ಎತ್ತಿದರು. ಕೆಲಸ ನಿಂತಿತು. 1917ರಲ್ಲಿ ಗೋಪುರ ಕೆಡವಿದರು. 2007ರಲ್ಲಿ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಮರಿನ್ ಸೊಲ್ಯಾಚಿಚ್ ಅವರ ತಂಡ 2 ಮೀಟರ್ ದೂರದಿಂದ 60 ವ್ಯಾಟ್ ಬಲ್ಬು ಉರಿಸಿ ತೋರಿಸಿತು. ಆದರೆ ಅದಕ್ಕೆ ಬಳಸಿದ ಸುರುಳಿಗಳು ಎರಡಡಿ ಅಗಲದವು. ಕಳಿಸಿದ್ದರಲ್ಲಿ ಸುಮಾರು 40% ಮಾತ್ರ ತಲುಪಿತು. ಸಾಧನೆ ದೊಡ್ಡದು. ಆದರೂ ಕೋಣೆಗೆ ಕಾಲಿಟ್ಟರೆ ಸಾಕು, ಫೋನು ತಾನೇ ತುಂಬಿಕೊಳ್ಳುತ್ತದೆ ಅನ್ನುವ ಜಾಹೀರಾತು ಕಂಡರೆ ಈ ಲೆಕ್ಕ ನೆನಪಿಸಿಕೊಳ್ಳಿ.

ನಮ್ಮ ಬಿಸಿಲಲ್ಲಿ

ಚೆನ್ನಾಗಿ ಹೊಂದಿಸಿ ಇಟ್ಟರೂ ಸಾಮಾನ್ಯ ಪ್ಯಾಡು ಎಳೆದುಕೊಂಡ ಕರೆಂಟಿನಲ್ಲಿ ಸುಮಾರು 70ರಿಂದ 80% ಬ್ಯಾಟರಿ ಕಡೆಗೆ ಹೋಗುತ್ತದೆ. ಉಳಿದದ್ದು ಶಾಖ. ಕರೆಂಟ್ ಬಿಲ್ಲಿನ ದೃಷ್ಟಿಯಿಂದ ಇದು ದೊಡ್ಡದಲ್ಲ. 5,000 ಎಂಎಎಚ್ ಬ್ಯಾಟರಿ ಒಮ್ಮೆ ತುಂಬಲು 19 ವ್ಯಾಟ್-ಅವರ್ ಆಸುಪಾಸು ಬೇಕು. ವೈರಿಗಿಂತ ಪ್ಯಾಡಿನಲ್ಲಿ ಏಳೆಂಟು ವ್ಯಾಟ್-ಅವರ್ ಜಾಸ್ತಿ ಹೋಯಿತು ಅಂತಲೇ ಇಟ್ಟುಕೊಳ್ಳಿ. ಸಾವಿರ ವ್ಯಾಟ್-ಅವರ್ ಸೇರಿದರೆ ಒಂದು ಯೂನಿಟ್, ಹಾಗಾಗಿ ದಿನಾ ಒಮ್ಮೆ ತುಂಬಿದರೂ ವರ್ಷಕ್ಕೆ 3 ಯೂನಿಟ್ ದಾಟಲ್ಲ.

ಚಿಂತೆ ಮಾಡಬೇಕಾದ್ದು ಆ ಶಾಖ ಎಲ್ಲಿಗೆ ಹೋಗುತ್ತದೆ ಅನ್ನೋದಕ್ಕೆ. ಅದರಲ್ಲಿ ಒಂದು ಪಾಲು ಫೋನಿನ ಬೆನ್ನಲ್ಲೇ, ಬ್ಯಾಟರಿಗೆ ಅಂಟಿಕೊಂಡೇ ಹುಟ್ಟುತ್ತದೆ. ಲಿಥಿಯಂ ಬ್ಯಾಟರಿಗೆ ಶಾಖ ಅಂದರೆ ಆಯುಸ್ಸು ಕಡಿಮೆ ಅಂತಲೇ. ಫೋನ್ ಬಳಸಲು ಸುತ್ತಲಿನ ಗಾಳಿ 35 ಡಿಗ್ರಿ ಮೀರಬಾರದು ಅಂತ ಆಪಲ್ ಹೇಳುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯಲ್ಲಿ ಅದು 40 ದಾಟಿರುತ್ತದೆ. ಆರ್‌ಸಿಸಿ ಮನೆಯ ಮೇಲಿನ ಮಹಡಿಯಲ್ಲಿ ಗೋಡೆಯೇ ಕಾದಿರುತ್ತದೆ. ಅಲ್ಲಿ ಮಧ್ಯಾಹ್ನ ಫೋನನ್ನು ದಪ್ಪ ಕವರ್ ಸಮೇತ ಪ್ಯಾಡಿನ ಮೇಲಿಟ್ಟು, ಹಾಸಿಗೆ ಮೇಲೆ ಬಿಟ್ಟು ಹೋದರೆ ಫೋನು ತಾನೇ ಚಾರ್ಜಿಂಗ್ ನಿಲ್ಲಿಸುತ್ತದೆ. ಕೆಟ್ಟಿದೆ ಅಂದುಕೊಂಡು ಅಂಗಡಿಗೆ ಓಡಬೇಡಿ. ಬ್ಯಾಟರಿ ಉಳಿಸಿಕೊಳ್ಳೋಕೆ ಅದು ಮಾಡುವ ಕೆಲಸ ಅದು.

ಬೇಸಿಗೆಯಲ್ಲಿ ನಸುಕಿನಲ್ಲಿ ಚಾರ್ಜ್ ಮಾಡಿ. ಕವರ್ ತೆಗೆಯಿರಿ. ಫ್ಯಾನಿನ ಗಾಳಿ ಬೀಳುವ ಕಡೆ, ಕಲ್ಲಿನ ಅಥವಾ ಟೈಲ್ಸ್ ಕಟ್ಟೆ ಮೇಲೆ ಪ್ಯಾಡ್ ಇಡಿ. ಚಾರ್ಜ್ ಆಗುವಾಗ ವಿಡಿಯೋ ನೋಡೋದು, ಆಟ ಆಡೋದು ಬೇಡ. ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಸಿಲು ಬೀಳುವ ಜಾಗದಲ್ಲಂತೂ ಬೇಡವೇ ಬೇಡ. ಅವಸರ ಇದ್ದ ದಿನ ವೈರೇ ಒಳ್ಳೆಯದು, ಅದರಲ್ಲಿ ನಾಚಿಕೆ ಏನಿಲ್ಲ.

ನಡುವೆ ಲೋಹ ಇದ್ದರೆ ಬೇರೆಯೇ ಕಥೆ. ಬದಲಾಗುವ ಬಲ ಲೋಹದ ತುಂಡಿಗೆ ಬಿದ್ದರೆ ಅದರೊಳಗೇ ಕರೆಂಟ್ ಸುಳಿ ಸುತ್ತಿ ಅದು ಕಾಯುತ್ತದೆ. ಇಂಡಕ್ಷನ್ ಒಲೆಯಲ್ಲಿ ಪಾತ್ರೆ ಕಾಯೋದು ಇದರಿಂದಲೇ. ಪ್ಯಾಡಿನ ಮೇಲೆ ನಾಣ್ಯವೋ ಬೀಗದ ಕೈಯೋ ಬಿದ್ದಿದ್ದು, ಮೇಲೆ ಫೋನ್ ಇಟ್ಟರೆ ಅದೂ ಕಾಯಬಹುದು. ಒಳ್ಳೆಯ ಪ್ಯಾಡು ತಾನು ಕಳಿಸಿದ್ದೆಷ್ಟು, ಫೋನಿಗೆ ಸೇರಿದ್ದೆಷ್ಟು ಅಂತ ಲೆಕ್ಕ ತಾಳೆ ನೋಡುತ್ತದೆ. ವ್ಯತ್ಯಾಸ ಜಾಸ್ತಿ ಬಂದರೆ ನಡುವೆ ಯಾವುದೋ ಲೋಹ ಇದೆ ಅಂತ ನಿಲ್ಲಿಸಿಬಿಡುತ್ತದೆ. ತೀರಾ ಅಗ್ಗದ ಪ್ಯಾಡಿನಲ್ಲಿ ಈ ಲೆಕ್ಕ ಇರುತ್ತದೆ ಅಂತ ನಂಬೋಕಾಗಲ್ಲ. ಕಾರಿನ ಹೋಲ್ಡರಿಗೆ ಅಂಟಲಿ ಅಂತ ಫೋನಿನ ಹಿಂದೆ ಕಬ್ಬಿಣದ ತಗಡು ಅಂಟಿಸಿಕೊಂಡವರು ಬಹಳ ಜನ ಇದ್ದಾರೆ. ಆ ತಗಡು ಇರುವವರೆಗೆ ವೈರ್‌ಲೆಸ್ ಚಾರ್ಜಿಂಗ್ ಸರಿಯಾಗಿ ಆಗಲ್ಲ.

ನಿಜವಾಗಿ ಉಪಯೋಗ ಎಲ್ಲಿ

ಸೊಗಸಿಗೆ ಮಾತ್ರ ಅಂದುಕೊಂಡವರು ಒಮ್ಮೆ ನಮ್ಮ ಕಡೆಯ ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಿಂತು ನೋಡಬೇಕು. ಬರುವ ದೂರುಗಳಲ್ಲಿ "ಚಾರ್ಜಿಂಗ್ ಪಿನ್ ಲೂಸ್ ಆಗೈತಿ" ಅನ್ನೋದು ಕೇಳಿಸುತ್ತಲೇ ಇರುತ್ತದೆ. ಸಂಡೂರಿನ ಗಣಿ ದೂಳು, ಗಂಗಾವತಿ, ಸಿಂಧನೂರಿನ ರೈಸ್ ಮಿಲ್ಲಿನ ತೌಡು, ರಾಯಚೂರಿನ ಜಿನ್ನಿಂಗ್ ಮಿಲ್ಲಿನ ಹತ್ತಿಯ ಎಳೆ, ಎಲ್ಲವೂ ಆ ಸಣ್ಣ ತೂತಿಗೇ ಹೋಗಿ ಕೂರುತ್ತವೆ. ಇಂಥ ಕಡೆ ದುಡಿಯುವವರಿಗೆ ತೂತನ್ನೇ ಮುಚ್ಚಿಟ್ಟು, ಮೇಲಿನಿಂದ ಚಾರ್ಜ್ ಮಾಡೋದು ದೊಡ್ಡ ಅನುಕೂಲ. ಪ್ಯಾಡಿನ ಮೇಲಿನ ದೂಳು ಬಟ್ಟೆಯಿಂದ ಒರೆಸಿದರಾಯಿತು. ಸದ್ಯಕ್ಕೆ ಈ ಸೌಲಭ್ಯ ಹೆಚ್ಚಾಗಿ ದುಬಾರಿ ಫೋನುಗಳಲ್ಲೇ ಇದೆ. ಅದು ಬೇಕಾದವರ ಕೈಗಿಂತ ಮೊದಲು ಬೇರೆಯವರ ಕೈ ಸೇರಿದೆ ಅನ್ನೋದು ನನಗೆ ಬೇಸರದ ವಿಷಯ.

ಸ್ಮಾರ್ಟ್ ಕೈಗಡಿಯಾರ, ಕಿವಿಯ ಬಡ್ಸ್ ಡಬ್ಬಿ, ವಿದ್ಯುತ್ ಹಲ್ಲುಜ್ಜುವ ಬ್ರಷ್ ಇವುಗಳಲ್ಲಿ ಅನೇಕವು ಇದೇ ದಾರಿಯಲ್ಲಿ ಚಾರ್ಜ್ ಆಗುತ್ತವೆ. ನೀರು ಒಳಗೆ ಹೋಗದಂತೆ ಪೂರ್ತಿ ಮುಚ್ಚಬಹುದು, ಅದು ಲಾಭ.

ಆದರೆ ಈ ವಿದ್ಯೆಯ ಅತಿ ದೊಡ್ಡ ಕೆಲಸ ನನ್ನ ಪ್ರಕಾರ ಕಾಕ್ಲಿಯರ್ ಇಂಪ್ಲಾಂಟ್. ಹುಟ್ಟಿನಿಂದ ಕಿವಿ ಕೇಳದ ಮಗುವಿಗೆ ಆಪರೇಷನ್ ಮಾಡಿ ಕಿವಿಯ ಹಿಂದೆ ಚರ್ಮದ ಕೆಳಗೆ ಒಂದು ಸಣ್ಣ ಉಪಕರಣ ಕೂರಿಸುತ್ತಾರೆ. ಸಾಮಾನ್ಯವಾಗಿ ಅದರೊಳಗೆ ಬ್ಯಾಟರಿ ಇರುವುದಿಲ್ಲ. ಹೊರಗಡೆ ಕೂದಲ ನಡುವೆ ನಾಣ್ಯದಷ್ಟು ಒಂದು ಬಿಲ್ಲೆ ಅಯಸ್ಕಾಂತದಿಂದ ಅಂಟಿಕೊಂಡಿರುತ್ತದೆ. ಅದರಲ್ಲಿ ಒಂದು ಸುರುಳಿ, ಚರ್ಮದ ಕೆಳಗೆ ಇನ್ನೊಂದು. ಶಕ್ತಿಯೂ ಆ ದಾರಿಯಲ್ಲೇ ಹೋಗುತ್ತದೆ, ಶಬ್ದದ ಸುದ್ದಿಯೂ ಆ ದಾರಿಯಲ್ಲೇ. ಚರ್ಮ ತೂತು ಮಾಡಿ ವೈರ್ ಎಳೆದಿದ್ದರೆ ಅಲ್ಲಿ ಸೋಂಕು ತಗಲುವ ಭಯ ಬಿಡುತ್ತಿರಲಿಲ್ಲ.

ಗೊತ್ತಿಲ್ಲದೆಯೇ ನೀವೂ ಇದನ್ನು ಬಳಸುತ್ತಿದ್ದೀರಿ. ಜನ ವೈಫೈ ಕಾರ್ಡ್ ಅಂತ ಕರೆಯುವ, ಮೆಷಿನ್ನಿಗೆ ತಾಗಿಸಿದರೆ ಸಾಕು ಅನ್ನುವ ಬ್ಯಾಂಕ್ ಕಾರ್ಡಿನಲ್ಲಿ ವೈಫೈಯೂ ಇಲ್ಲ, ಬ್ಯಾಟರಿಯೂ ಇಲ್ಲ. ಅಂಚಿನಲ್ಲಿ ಒಂದು ತೆಳು ಸುರುಳಿ ಇದೆ. ಮೆಷಿನ್ನಿನ ಬಲದಿಂದ ಅದರ ಚಿಪ್ಪು ಎಚ್ಚರಗೊಂಡು ಉತ್ತರ ಕೊಡುತ್ತದೆ. ಅದೂ ಕೆಲವೇ ಸೆಂ.ಮೀ. ಹತ್ತಿರ ತಂದಾಗ. ಟೋಲಿನಲ್ಲಿ ಫಾಸ್ಟ್ಯಾಗ್ ಓದಲಾಗುವುದೂ ಬ್ಯಾಟರಿ ಇಲ್ಲದೆಯೇ. ಅಲ್ಲಿ ಮಾತ್ರ ಕೆಲವು ಮೀಟರ್ ದೂರ, ಹಾಗಾಗಿ ಕೆಲಸ ಮಾಡುವುದು ರೇಡಿಯೋ ಅಲೆ. ಬರುವ ಶಕ್ತಿ ತೀರಾ ಸಣ್ಣದು. ಒಂದು ಚಿಪ್ಪು ತನ್ನ ನಂಬರ್ ಹೇಳೋಕೆ ಸಾಕು, ಫೋನ್ ಚಾರ್ಜ್ ಮಾಡೋಕೆ ಅಲ್ಲ.

ಇನ್ನು ವಾಹನಗಳು. ಸುರುಳಿ ದೊಡ್ಡದಾದಷ್ಟೂ ಸಂದಿ ದೊಡ್ಡದಿರಬಹುದು ಅನ್ನುವ ಲೆಕ್ಕ ಇಲ್ಲಿ ಕೈ ಹಿಡಿಯುತ್ತದೆ. 2020ರಲ್ಲಿ ಬಂದ ಒಂದು ಅಂತರರಾಷ್ಟ್ರೀಯ ನಿಯಮದ ಪ್ರಕಾರ ನೆಲದಲ್ಲಿ ಹಾಕಿದ ಪ್ಯಾಡಿನಿಂದ, ಮೇಲೆ ನಿಂತ ಕಾರಿಗೆ 10ರಿಂದ 25 ಸೆಂ.ಮೀ. ಸಂದಿಯಲ್ಲೂ 11 ಕಿಲೋವ್ಯಾಟ್‌ವರೆಗೆ ಕಳಿಸಬಹುದು. ಸರಿಯಾಗಿ ನಿಲ್ಲಿಸಿದರೆ 90%ಗಿಂತ ಹೆಚ್ಚು ತಲುಪುತ್ತದೆ. ಫೋನಿಗಿಂತ ಇದೇ ಮೇಲು. ದಕ್ಷಿಣ ಕೊರಿಯಾದ ಗುಮಿ ನಗರದಲ್ಲಿ 2013ರಿಂದಲೇ ರಸ್ತೆಯ ಕೆಲವು ತುಂಡುಗಳ ಕೆಳಗೆ ತಂತಿ ಹೂಳಿ, ಮೇಲೆ ಓಡುವ ಬಸ್ಸಿಗೆ ಚಾರ್ಜ್ ಕೊಟ್ಟು ನೋಡಿದ್ದಾರೆ. ಅಮೆರಿಕದ ಡೆಟ್ರಾಯಿಟ್‌ನಲ್ಲಿ 2023ರಲ್ಲಿ ಕಾಲು ಮೈಲಿ ರಸ್ತೆ ಹೀಗೆ ತಯಾರಾಯಿತು.

ಇಡೀ ಹೈವೇ ಅಗೆದು ಸುರುಳಿ ಹೂಳೋದು ಅಂದರೆ ಅಪಾರ ದುಡ್ಡು. ಪ್ರತಿ ತುಂಡಿಗೂ ರಸ್ತೆ ಬದಿಯಲ್ಲಿ ವೇಗದ ಎಸಿ ಮಾಡಿಕೊಡುವ ಒಂದು ಇನ್ವರ್ಟರ್ ಬೇಕು. ಅದಿರಿನ ಲಾರಿಗಳ ಭಾರಕ್ಕೆ ಟಾರು ಕಿತ್ತರೆ ಸುರುಳಿಯೂ ಹೋಗುತ್ತದೆ. ಬಸ್ ನಿಲ್ದಾಣದ ಪ್ಲಾಟ್‌ಫಾರ್ಮ್ ಹಾಗಲ್ಲ. ಬಸ್ಸು ಅಲ್ಲಿ ದಿನಾ ಬಂದು ಒಂದೇ ಜಾಗದಲ್ಲಿ ಹತ್ತಿಪ್ಪತ್ತು ನಿಮಿಷ ನಿಲ್ಲುತ್ತದೆ. ಡ್ರೈವರ್ ಇಳಿದು ಬಿಸಿಲಲ್ಲಿ ದಪ್ಪ ಕೇಬಲ್ ಎಳೆಯಬೇಕಿಲ್ಲ, ಮಳೆಯಲ್ಲಿ ಒದ್ದೆ ಪಿನ್ ಹಿಡಿಯಬೇಕಿಲ್ಲ. ಗೆರೆಯ ಮೇಲೆ ಸರಿಯಾಗಿ ನಿಲ್ಲಿಸಿದರೆ ಸಾಕು. ನೆಲದ ಪ್ಯಾಡು ಚಾಲೂ ಆಗುವ ಮೊದಲು ಮೇಲೆ ಮೊಳೆ, ನಟ್ಟು ಬಿದ್ದಿದೆಯಾ, ಬಸ್ಸಿನ ಕೆಳಗೆ ನೆರಳಿಗೆ ನಾಯಿ ಬಂದು ಮಲಗಿದೆಯಾ ಅಂತಲೂ ನೋಡಿಕೊಳ್ಳಬೇಕು. ಅದಕ್ಕೆ ಬೇಕಾದ ಸೆನ್ಸರುಗಳೂ ಈಗ ಇವೆ. ನಮ್ಮ ಕಡೆ ವಾಹನಗಳಿಗೆ ವೈರ್‌ಲೆಸ್ ಚಾರ್ಜಿಂಗ್ ಬಂದರೆ ಮೊದಲು ಬರಬೇಕಾದ್ದು ಅಂಥ ಪ್ಲಾಟ್‌ಫಾರ್ಮ್ ಕೆಳಗೆ.